ಬಾಕ್ಸಿಂಗ್ ಸಿನಿಮಾ ನೋಡುವಾಗ ಕಾಲು ನೋಡಿ

ಒಂದು ಸಣ್ಣ ಆಟ ಆಡೋಣ. ನಿಮಗಿಷ್ಟವಾದ ಯಾವುದಾದರೂ ಬಾಕ್ಸಿಂಗ್ ಸಿನಿಮಾದ ಕ್ಲೈಮ್ಯಾಕ್ಸ್ ಹಾಕಿ. ಸೌಂಡ್ ಮ್ಯೂಟ್ ಮಾಡಿ. ಹೀರೋನ ಮುಖ ಬಿಡಿ, ಕೈ ಬಿಡಿ, ಬೆವರು ಹಾರೋ ಸ್ಲೋ ಮೋಷನ್ನೂ ಬಿಡಿ. ಅವನ ಕಾಲು ಎಷ್ಟು ಸಲ ಕಾಣತ್ತೆ ಅಂತ ಮಾತ್ರ ಎಣಿಸಿ.

ಹೆಚ್ಚಿನ ಸಿನಿಮಾಗಳಲ್ಲಿ ಈ ಎಣಿಕೆ ಬೇಗ ಮುಗಿದುಹೋಗತ್ತೆ. ಕ್ಯಾಮೆರಾ ಸೊಂಟದಿಂದ ಕೆಳಗೆ ಇಳಿಯೋದೇ ಅಪರೂಪ. ಹೀರೋ ಕೆಳಗೆ ಬೀಳುವಾಗ ಒಂದು ಸಲ ನೆಲ ಕಾಣತ್ತೆ, ಎದ್ದು ನಿಲ್ಲುವಾಗ ಇನ್ನೊಂದು ಸಲ. ಮಧ್ಯದಲ್ಲಿ ಎಲ್ಲಾ ಭುಜ, ಮುಷ್ಟಿ, ಮುಖ. ಸಿನಿಮಾದವರಿಗೆ ಇದಕ್ಕೆ ನ್ಯಾಯವಾದ ಕಾರಣ ಇದೆ. ನಟರು ನಿಜವಾಗಿ ಹೊಡೆದುಕೊಳ್ಳೋ ಹಾಗಿಲ್ಲ. ಗುದ್ದು ಕೆನ್ನೆಯಿಂದ ಒಂದು ಗೇಣು ದೂರದಲ್ಲಿ ಹೋಗತ್ತೆ, ಆ ಗೇಣನ್ನು ಮುಚ್ಚೋಕೆ ಭುಜದ ಹಿಂದೆ ಕ್ಯಾಮೆರಾ ಇಡಬೇಕು, ಸೌಂಡ್ ಸೇರಿಸಬೇಕು, ಕಟ್ ಮಾಡಬೇಕು. ಜೊತೆಗೆ ಟಿಕೆಟ್ ಮಾರಾಟವಾಗೋದು ಸ್ಟಾರ್ ಮುಖದಿಂದ, ಪಾದದಿಂದ ಅಲ್ಲ. ಎಲ್ಲಾ ಸರಿ. ಆದರೆ ಹೀಗೆ ಮಾಡಿದಾಗ ಬಾಕ್ಸಿಂಗ್‌ನಲ್ಲಿ ಮುಖ್ಯವಾದದ್ದೇ ಫ್ರೇಮಿನಿಂದ ಹೊರಗೆ ಉಳಿದುಬಿಡತ್ತೆ. ಯಾಕಂದ್ರೆ ಗುದ್ದು ಹುಟ್ಟೋದು ಕೈಯಲ್ಲಿ ಅಲ್ಲ, ನೆಲದಲ್ಲಿ.

ಇದು ಮಾತಿನ ಅಲಂಕಾರ ಅಲ್ಲ. ಬಲಗೈ ಬಾಕ್ಸರ್ ಒಬ್ಬನನ್ನು ತಗೊಳ್ಳಿ. ಎಡಗಾಲು ಮುಂದೆ, ಬಲಗಾಲು ಹಿಂದೆ, ನಡುವೆ ಹೆಚ್ಚುಕಡಿಮೆ ಭುಜದಷ್ಟು ಅಂತರ. ಎರಡೂ ಪಾದ ಒಂದೇ ಗೆರೆಯ ಮೇಲೆ ಇರೋ ಹಾಗಿಲ್ಲ. ಇದ್ದರೆ ಪಕ್ಕದಿಂದ ಒಂದು ತಳ್ಳು ಸಾಕು, ವಾಲಿಬಿಡ್ತಾನೆ. ಎದುರಾಳಿಗೆ ಎದೆ ಕೊಟ್ಟು ಎರಡೂ ಪಾದ ಸಮಕ್ಕೆ ಇಡೋ ಹಾಗೂ ಇಲ್ಲ. ಇಟ್ಟರೆ ಮುಂದಿನಿಂದ ಬಂದ ಏಟಿಗೆ ಹಿಂದಕ್ಕೆ ಬೀಳ್ತಾನೆ. ಮಂಡಿ ಸ್ವಲ್ಪ ಸಡಿಲ, ಹಿಂದಿನ ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ. ಈಗ ಬಲಗೈಯ ನೇರ ಗುದ್ದು, ಅಂದ್ರೆ ಕ್ರಾಸ್, ಹೊಡೀಬೇಕು. ಮೊದಲು ಕೆಲಸ ಮಾಡೋದು ಬಲಗಾಲಿನ ಮುಂಗಾಲು. ಅದು ನೆಲವನ್ನು ಒತ್ತಿ, ಸಿಗರೇಟಿನ ತುಂಡನ್ನು ಹೊಸಕಿದ ಹಾಗೆ ತಿರುಗತ್ತೆ. ಅದರ ಹಿಂದೆ ಸೊಂಟ, ಸೊಂಟದ ಹಿಂದೆ ಭುಜ, ಕಟ್ಟಕಡೆಗೆ ಕೈ. ನಾವು ನೋಡಿ ಚಪ್ಪಾಳೆ ಹೊಡೆಯೋ ಮುಷ್ಟಿ ಈ ಸರಪಣಿಯ ಕೊನೇ ಕೊಂಡಿ ಅಷ್ಟೇ.

ಇನ್ನೊಂದು ವಿಷಯ. ಹೊಡೆಯುವಾಗ ತಲೆ ಮುಂದಿನ ಮಂಡಿಯನ್ನು ದಾಟಿ ಮುಂದಕ್ಕೆ ಹೋಗಬಾರದು ಅಂತ ಕೋಚ್‌ಗಳು ಬಾಯಿ ನೋಯೋವರೆಗೂ ಹೇಳ್ತಾರೆ. ತಲೆ ಹೋದ ಕಡೆ ಮೈಭಾರ ಹೋಗತ್ತೆ. ಮೈಭಾರ ಎರಡು ಪಾದಗಳ ನಡುವಿನ ಜಾಗ ದಾಟಿದರೆ, ಬೀಳದೇ ಇರೋಕೆ ಇನ್ನೊಂದು ಹೆಜ್ಜೆ ಇಡಲೇಬೇಕು. ಆ ಹೆಜ್ಜೆ ಇಡೋ ಅರೆಕ್ಷಣದಲ್ಲಿ ನೀವು ಹೊಡೆಯೋಕೂ ಆಗಲ್ಲ, ತಪ್ಪಿಸಿಕೊಳ್ಳೋಕೂ ಆಗಲ್ಲ. ಅದಕ್ಕೇ ಒಳ್ಳೆ ಗುದ್ದಿನ ಪರೀಕ್ಷೆ ಅದು ತಗುಲಿದಾಗ ಅಲ್ಲ, ತಪ್ಪಿದಾಗ. ಗುರಿ ತಪ್ಪಿದ ಮೇಲೂ ನಿಂತಲ್ಲೇ ನಿಂತಿದ್ದರೆ ಗುದ್ದು ಸರಿ ಇತ್ತು. ಮುಗ್ಗರಿಸಿದರೆ, ತಗುಲಿದ್ದರೂ ಅದು ಅರ್ಧ ಗುದ್ದೇ.

ಹಾಗಂತ ಬ್ಯಾಲೆನ್ಸ್ ಅಂದ್ರೆ ಕಂಬದ ಹಾಗೆ ನಿಲ್ಲೋದು ಅಂದುಕೋಬೇಡಿ. ಹೆವಿವೆಯ್ಟ್ ಚಾಂಪಿಯನ್ ಆಗಿದ್ದ ಜ್ಯಾಕ್ ಡೆಂಪ್ಸಿ 1950ರಲ್ಲಿ ಬರೆದ 'ಚಾಂಪಿಯನ್‌ಶಿಪ್ ಫೈಟಿಂಗ್' ಪುಸ್ತಕದಲ್ಲಿ ಹೇಳಿಕೊಡೋದೇ ಬೀಳೋದನ್ನು. ಮೈಭಾರವನ್ನು ಮುಂದಕ್ಕೆ ಬೀಳೋಕೆ ಬಿಟ್ಟು, ಮುಂದಿನ ಪಾದ ನೆಲ ಮುಟ್ಟೋ ಮೊದಲೇ ಆ ಬೀಳುವ ಭಾರವನ್ನು ಮುಷ್ಟಿಗೆ ದಾಟಿಸಬೇಕು ಅನ್ನೋದು ಅವನ ಪಾಠ. ಅಂದ್ರೆ ಬ್ಯಾಲೆನ್ಸನ್ನು ಲೆಕ್ಕ ಹಾಕಿ ಕಳಕೊಳ್ಳೋದು, ಲೆಕ್ಕ ಹಾಕಿ ವಾಪಸ್ ಪಡೆಯೋದು. ವಾಸಿಲ್ ಲೊಮಚೆಂಕೋ ಹುಡುಗನಾಗಿದ್ದಾಗ ಅವನ ಅಪ್ಪ ಬಾಕ್ಸಿಂಗ್ ನಿಲ್ಲಿಸಿ ಉಕ್ರೇನಿನ ಜಾನಪದ ನೃತ್ಯದ ಕ್ಲಾಸಿಗೆ ಕಳಿಸಿದ್ದು ಇದಕ್ಕೇ. ಆ ಹುಡುಗ ಮುಂದೆ 2008 ಮತ್ತು 2012ರ ಒಲಿಂಪಿಕ್ಸ್‌ಗಳಲ್ಲಿ ಚಿನ್ನ ಗೆದ್ದ.

ಈ ಅರೆಕ್ಷಣದ ಬೆಲೆ ಎಷ್ಟು ಅಂತ ನೋಡಬೇಕಾದರೆ 2012ರ ಡಿಸೆಂಬರ್ 8ರ ರಾತ್ರಿಗೆ ಹೋಗಬೇಕು. ಲಾಸ್ ವೇಗಸ್‌ನಲ್ಲಿ ಮ್ಯಾನಿ ಪ್ಯಾಕಿಯಾವ್ ಮತ್ತು ಹುವಾನ್ ಮಾನುಯೆಲ್ ಮಾರ್ಕೆಸ್ ನಡುವೆ ನಾಲ್ಕನೇ ಪಂದ್ಯ. ಮೂರನೇ ಸುತ್ತಿನಲ್ಲಿ ಪ್ಯಾಕಿಯಾವ್ ಬಿದ್ದಿದ್ದ, ಐದನೇ ಸುತ್ತಿನಲ್ಲಿ ಮಾರ್ಕೆಸ್ ಬಿದ್ದಿದ್ದ. ಐದು ಸುತ್ತು ಮುಗಿದಾಗ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ 47-46ರಿಂದ ಪ್ಯಾಕಿಯಾವ್ ಮುಂದೆ. ಆರನೇ ಸುತ್ತು ಮುಗಿಯೋಕೆ ಇನ್ನೊಂದು ಸೆಕೆಂಡ್ ಬಾಕಿ. ಪ್ಯಾಕಿಯಾವ್ ಇನ್ನೊಂದು ಗುದ್ದಿಗೆ ಅಂತ ಮುಂದಕ್ಕೆ ನುಗ್ಗಿದ. ಮಾರ್ಕೆಸ್ ನಿಂತ ಕಡೆಯೇ ಬಲಗೈಯನ್ನು ಒಂದೇ ಒಂದು ಸಲ, ಚಿಕ್ಕದಾಗಿ ಚಾಚಿದ. ಪ್ಯಾಕಿಯಾವ್ ಮುಖ ಅಡಿಯಾಗಿ ಬಿದ್ದವನು ಏಳಲಿಲ್ಲ.

ಆ ಕ್ಲಿಪ್ಪನ್ನು ನಿಧಾನಕ್ಕೆ ಓಡಿಸಿ ನೋಡಿ. ಆ ಕ್ಷಣದಲ್ಲಿ ಪ್ಯಾಕಿಯಾವ್‌ನ ಮೈಭಾರ ಪೂರ್ತಿ ಮುಂದಕ್ಕೆ ಹೋಗಿಬಿಟ್ಟಿದೆ, ವಾಪಸ್ ಎಳೆಯೋಕೆ ಟೈಮ್ ಇಲ್ಲ. ಮಾರ್ಕೆಸ್‌ನ ಗುದ್ದಿಗೆ ಅರ್ಧ ಶಕ್ತಿ ಕೊಟ್ಟವನು ಪ್ಯಾಕಿಯಾವ್‌ನೇ. ಸಿಟ್ಟು, ಛಲ, ಹಸಿವು ಇಬ್ಬರಲ್ಲೂ ಸಮಸಮ ಇತ್ತು. ವ್ಯತ್ಯಾಸ ಇದ್ದದ್ದು ಯಾರ ಪಾದ ಎಲ್ಲಿತ್ತು ಅನ್ನೋದರಲ್ಲಿ.

ಈಗ ಸಿನಿಮಾಗೆ ಬರೋಣ. ತಮಾಷೆ ಅಂದ್ರೆ, ಇದೆಲ್ಲಾ ಸಿನಿಮಾದವರಿಗೆ ಗೊತ್ತಿಲ್ಲ ಅಂತಲ್ಲ. 1976ರ 'ರಾಕಿ'ಯಲ್ಲಿ ಮುದಿ ಕೋಚ್ ಮಿಕಿ ಮಾಡೋ ಒಂದು ಒಳ್ಳೆ ಕೆಲಸ ಏನು ಗೊತ್ತಾ? ರಾಕಿಯ ಎರಡೂ ಕಾಲಿನ ಗೆಣ್ಣಿಗೆ ಒಂದು ದಾರ ಕಟ್ತಾನೆ. ದಾರ ಹರಿಯದ ಹಾಗೆ ಓಡಾಡಿ ಹೊಡೆಯೋಕೆ ಬಂದರೆ ಬ್ಯಾಲೆನ್ಸ್ ಬಂದ ಹಾಗೆ ಅನ್ನೋದು ಅವನ ಲೆಕ್ಕ. ಇಡೀ ಸಿನಿಮಾದಲ್ಲಿ ಬಾಕ್ಸಿಂಗ್ ಬಗ್ಗೆ ಇರೋ ತುಂಬಾ ನಿಜವಾದ ದೃಶ್ಯ ಅದು. ಆದರೆ ನಮಗೆ ನೆನಪಿರೋದು ಯಾವುದು? ಫಿಲಡೆಲ್ಫಿಯಾದ ಮೆಟ್ಟಿಲು, ಹಸಿ ಮೊಟ್ಟೆ, ನೇತುಹಾಕಿದ ಮಾಂಸಕ್ಕೆ ಹೊಡೆಯೋ ಗುದ್ದು. ಕ್ಲೈಮ್ಯಾಕ್ಸ್ ಬರೋ ಹೊತ್ತಿಗೆ ಸಿನಿಮಾವೇ ಆ ದಾರವನ್ನು ಮರೆತುಬಿಡತ್ತೆ. ರಾಕಿ ಮತ್ತು ಅಪೋಲೋ ಎದುರುಬದುರು ನಿಂತು, ಮುಖ ಮುಚ್ಚಿಕೊಳ್ಳೋದನ್ನೂ ಬಿಟ್ಟು, ಸರದಿ ಪ್ರಕಾರ ಏಟು ತಿಂತಾರೆ. ನಿಜವಾದ ಹೆವಿವೆಯ್ಟ್‌ಗಳು ಹಾಗೆ ನಿಂತರೆ ಹದಿನೈದು ಸುತ್ತು ಬಿಡಿ, ಎರಡು ಸುತ್ತು ನಡೆಯೋದೂ ಕಷ್ಟ.

ಇದನ್ನು ಬರೀ ತಾಂತ್ರಿಕ ತಪ್ಪು ಅಂತ ಬಿಟ್ಟುಬಿಡಬಹುದಿತ್ತು. ಆದರೆ ಕಾಲನ್ನು ಫ್ರೇಮಿನಿಂದ ತೆಗೆದ ಮೇಲೆ ಗೆಲುವಿಗೆ ಇನ್ನೊಂದು ಕಾರಣ ಕೊಡಬೇಕಾಗತ್ತೆ. ಆ ಕಾರಣ ಯಾವಾಗಲೂ ಒಂದೇ: ಎದೆಗಾರಿಕೆ. ಹೆಚ್ಚು ಏಟು ತಿಂದವನು, ಹೆಚ್ಚು ನೋವು ನುಂಗಿದವನು, ಅಮ್ಮನ ಮುಖ ನೆನಪಾದವನು ಗೆಲ್ತಾನೆ. ತರಬೇತಿಯಲ್ಲಿ ಕಲಿತ ವಿದ್ಯೆ ಯಾವುದೂ ಕೊನೇ ಸುತ್ತಿನಲ್ಲಿ ಕೆಲಸಕ್ಕೆ ಬರಲ್ಲ. 2006ರ 'ರಾಕಿ ಬಾಲ್ಬೋವಾ'ದಲ್ಲಿ ಅಪ್ಪ ಮಗನಿಗೆ ಮಾಡೋ ಭಾಷಣದ ಸಾರವೂ ಅದೇ: ಎಷ್ಟು ಜೋರಾಗಿ ಹೊಡೀತೀಯ ಅನ್ನೋದಲ್ಲ, ಎಷ್ಟು ಏಟು ತಿಂದೂ ಮುಂದೆ ಹೋಗ್ತೀಯ ಅನ್ನೋದು ಮುಖ್ಯ. ಈ ಕ್ಲಿಪ್ಪನ್ನು ನಿಮ್ಮ ಆಫೀಸಿನ ಯಾವುದಾದರೂ ಟೌನ್‌ಹಾಲ್‌ನಲ್ಲಿ, ಅಪ್ರೈಸಲ್ ಸೀಸನ್ನಿಗೆ ಸ್ವಲ್ಪ ಮುಂಚೆ, ದೊಡ್ಡ ಸ್ಕ್ರೀನ್ ಮೇಲೆ ನೋಡಿರೋ ಸಾಧ್ಯತೆ ಇದೆ. ಕೇಳೋಕೆ ಚೆನ್ನಾಗಿದೆ. ಆದರೆ ಇದು ಬಾಕ್ಸಿಂಗ್‌ನ ಮೊದಲ ಪಾಠಕ್ಕೆ ಪೂರ್ತಿ ಉಲ್ಟಾ. ರಿಂಗಿನಲ್ಲಿ ಮೊದಲು ಕಲಿಸೋದು ಏಟು ತಿನ್ನದ ಜಾಗದಲ್ಲಿ ನಿಲ್ಲೋದನ್ನು.

ಈ ಕಾಯಿಲೆ ಇಲ್ಲದ ಸಿನಿಮಾಗಳೂ ಇವೆ. ಸ್ಕೋರ್ಸೆಸಿಯ 'ರೇಜಿಂಗ್ ಬುಲ್' (1980) ಕೂಡ ಕಾಲನ್ನು ಹೆಚ್ಚು ತೋರಿಸಲ್ಲ. ಆದರೆ ಅದು ಏಟು ತಿನ್ನೋದನ್ನು ಗೆಲುವು ಅಂತ ಮಾರಲ್ಲ. ಶುಗರ್ ರೇ ರಾಬಿನ್ಸನ್ ಎದುರಿನ ಕೊನೆಯ ಪಂದ್ಯದಲ್ಲಿ ಜೇಕ್ ಲಮೋಟಾ ಹಗ್ಗಕ್ಕೆ ತೋಳು ಚಾಚಿ ನಿಂತು ಏಟು ಬೇಡ್ತಾನೆ, ಆಮೇಲೆ ತಾನು ಬೀಳಲೇ ಇಲ್ಲ ಅಂತ ಜಂಬ ಕೊಚ್ಚಿಕೊಳ್ತಾನೆ. ಚೆನ್ನಾಗಿ ನೋಡಿ: ಅವನನ್ನು ನಿಲ್ಲಿಸಿರೋದು ಕಾಲಲ್ಲ, ಹಗ್ಗ. ಪಂದ್ಯ ಮುಗಿದ ಮೇಲೆ ಕ್ಯಾಮೆರಾ ಆ ಹಗ್ಗದ ಮೇಲೆ ಹೋಗಿ, ಅದರಿಂದ ತೊಟ್ಟಿಕ್ಕೋ ರಕ್ತದ ಮೇಲೆ ನಿಲ್ಲತ್ತೆ. ಅದು ಶೌರ್ಯ ಅಲ್ಲ, ಪ್ರಾಯಶ್ಚಿತ್ತ. ಸಿನಿಮಾಗೆ ಆ ವ್ಯತ್ಯಾಸ ಗೊತ್ತು.

ಈಸ್ಟ್‌ವುಡ್‌ನ 'ಮಿಲಿಯನ್ ಡಾಲರ್ ಬೇಬಿ' (2004) ಇನ್ನೊಂದು. ಬಾಕ್ಸಿಂಗ್‌ನಲ್ಲಿ ಎಲ್ಲಾ ಉಲ್ಟಾ, ಎಡಕ್ಕೆ ಹೋಗಬೇಕಾದರೆ ಬಲಗಾಲಿನಿಂದ ನೆಲ ತಳ್ಳಬೇಕು ಅಂತ ಮಾರ್ಗನ್ ಫ್ರೀಮನ್ ದನಿ ವಿವರಿಸತ್ತೆ. ಫ್ರ್ಯಾಂಕಿ ಮ್ಯಾಗಿಗೆ ಹೇಳಿಕೊಡೋ ದೊಡ್ಡ ನಿಯಮ ತನ್ನನ್ನು ತಾನು ಕಾಪಾಡಿಕೊಳ್ಳೋದು. ಅವಳ ಬದುಕು ಮುರಿಯೋದು ಸುತ್ತು ಮುಗಿದ ಮೇಲೆ, ಅವಳು ಕೈ ಇಳಿಸಿ ತನ್ನ ಮೂಲೆ ಕಡೆ ತಿರುಗಿದಾಗ. ಗಂಟೆ ಹೊಡೆದಾಗಿದೆ, ನಿಲುವು ಬಿಟ್ಟಾಗಿದೆ, ಆಗ ಬರತ್ತೆ ಆ ಮೋಸದ ಏಟು. ಮೊದಲ ಪಾಠವನ್ನೇ ಕಥೆಯ ಬೆನ್ನೆಲುಬು ಮಾಡಿಕೊಂಡ ಸಿನಿಮಾ ಇದು.

ಇನ್ನು ಕಾಲನ್ನು ತೋರಿಸಿದವರು ಯಾರು? ನನ್ನ ಪಟ್ಟಿಯಲ್ಲಿ ಮೊದಲ ಹೆಸರು ಚಾಪ್ಲಿನ್. 1931ರ 'ಸಿಟಿ ಲೈಟ್ಸ್'ನ ಬಾಕ್ಸಿಂಗ್ ದೃಶ್ಯ ನೋಡಿ. ಕ್ಯಾಮೆರಾ ದೂರದಲ್ಲಿದೆ, ಮೂರೂ ಜನ ತಲೆಯಿಂದ ಕಾಲಿನವರೆಗೆ ಕಾಣ್ತಾರೆ. ಚಾಪ್ಲಿನ್ ರೆಫರಿಯ ಬೆನ್ನಿಗೆ ಅಂಟಿಕೊಂಡು, ಅವನು ಕುಣಿದ ಹಾಗೆ ಕುಣಿದು, ಸಂದಿ ಸಿಕ್ಕಿದಾಗ ಆಚೆ ಹಾರಿ ಒಂದು ಗುದ್ದು ಕೊಟ್ಟು ವಾಪಸ್ ಅಡಗಿಕೊಳ್ತಾನೆ. ಕಾಮಿಡಿ ನಿಜ, ಆದರೆ ಅದರೊಳಗೆ ಬಾಕ್ಸಿಂಗ್‌ನ ಪೂರ್ತಿ ವ್ಯಾಕರಣ ಇದೆ: ಎದುರಾಳಿಗೆ ನಾನು ಸಿಗಬಾರದು, ನನಗೆ ಅವನು ಸಿಗಬೇಕು. ಕೊನೆಗೆ ಚಾಪ್ಲಿನ್ ಸೋಲ್ತಾನೆ. ಸೋಲೋದೂ ಆ ಕುಣಿತದ ತಾಳ ತಪ್ಪಿದ ಮೇಲೇ. ಫ್ರೆಡ್ ಅಸ್ಟೇರ್ ತನ್ನ ಡ್ಯಾನ್ಸ್ ತೆಗೆಯುವಾಗ ಇಡೀ ಮೈ ಫ್ರೇಮಿನಲ್ಲಿ ಇರಬೇಕು ಅಂತ ಹಟ ಹಿಡೀತಿದ್ದ. ಬಾಕ್ಸಿಂಗ್ ಸಿನಿಮಾಗಳಿಗೆ ಅಂಥ ಹಟಮಾರಿ ಹೆಚ್ಚು ಸಿಗಲಿಲ್ಲ. 2015ರ 'ಕ್ರೀಡ್' ಸ್ವಲ್ಪ ಹತ್ತಿರ ಬರತ್ತೆ. ಅದರಲ್ಲಿ ಅಡೋನಿಸ್‌ನ ಒಂದು ಇಡೀ ಪಂದ್ಯವನ್ನು ರಯನ್ ಕೂಗ್ಲರ್ ಒಂದೇ ಶಾಟ್ ಅನ್ನೋ ಹಾಗೆ ತೆಗೆದಿದ್ದಾನೆ. ಪಾದ ಯಾವಾಗಲೂ ಕಾಣಲ್ಲ. ಆದರೆ ಕಟ್ ಇಲ್ಲದ್ದರಿಂದ ನಟ ಮೋಸ ಮಾಡೋ ಹಾಗಿಲ್ಲ. ಒಂದು ಗುದ್ದು ಮುಗಿದ ಮೇಲೆ ಅವನು ಎಲ್ಲಿ ನಿಂತಿದ್ದಾನೋ ಅಲ್ಲಿಂದಲೇ ಮುಂದಿನದು ಶುರುವಾಗಬೇಕು.

ನಮ್ಮ ಪಕ್ಕದಲ್ಲೇ ಪ. ರಂಜಿತ್ ಅವರ ತಮಿಳು ಸಿನಿಮಾ 'ಸಾರ್ಪಟ್ಟ ಪರಂಬರೈ' (2021) ಇದೆ. ಎಪ್ಪತ್ತರ ದಶಕದ ಉತ್ತರ ಮದ್ರಾಸು, ತುರ್ತು ಪರಿಸ್ಥಿತಿ, ದುಡಿಯೋ ಜನರ ಬಾಕ್ಸಿಂಗ್ ಪರಂಪರೆಗಳು. ಆರ್ಯ ಮಾಡಿದ ಕಬಿಲನ್ ಹೀರೋ ಆದರೂ ಸಿನಿಮಾ ನೋಡಿದವರೆಲ್ಲ ಮಾತಾಡಿದ್ದು ಡ್ಯಾನ್ಸಿಂಗ್ ರೋಸ್ ಬಗ್ಗೆ. ಶಬೀರ್ ಕಲ್ಲರಕ್ಕಲ್ ಮಾಡಿದ ಆ ಪಾತ್ರ ಪರದೆ ಮೇಲೆ ಇರೋದು ಸ್ವಲ್ಪ ಹೊತ್ತು. ಕೈ ಇಳಿಬಿಟ್ಟು, ಸೊಂಟ ಬಳುಕಿಸಿ, ಎಲ್ಲಿಂದ ಗುದ್ದು ಬರತ್ತೆ ಅಂತ ಗೊತ್ತಾಗದ ಹಾಗೆ ಕುಣೀತಾನೆ. ಅಷ್ಟು ಜನಕ್ಕೆ ಅವನು ಯಾಕೆ ಹಿಡಿಸಿದ? ನನಗನಿಸೋದು ಇಷ್ಟು: ಭಾರತೀಯ ಬಾಕ್ಸಿಂಗ್ ಸಿನಿಮಾ ನೋಡ್ತಾ ಬಂದ ನಮಗೆ, ಒಬ್ಬ ಬಾಕ್ಸರ್‌ಗೆ ಕಾಲು ಇದೆ ಅಂತ ಸರಿಯಾಗಿ ತೋರಿಸಿದ್ದು ಅವನೇ. ಕಬಿಲನ್ ಅವನನ್ನು ಸೋಲಿಸೋದೂ ಸಿಟ್ಟಿನಿಂದಲ್ಲ, ಆ ಕುಣಿತದ ಲಯ ಹಿಡಿದ ಮೇಲೆ. ಅದಕ್ಕೇ ಆ ಪಂದ್ಯ ಕ್ಲೈಮ್ಯಾಕ್ಸಿಗಿಂತ ಚೆನ್ನಾಗಿದೆ. ವೆಂಬುಲಿ ಎದುರಿನ ಕೊನೇ ಪಂದ್ಯದ ಹೊತ್ತಿಗೆ ಅವಮಾನ, ಸೇಡು, ಕಣ್ಣೀರು ಎಲ್ಲಾ ಸೇರಿಕೊಂಡು ರಿಂಗಿನ ನೆಲ ಮತ್ತೆ ಕಾಣೆಯಾಗತ್ತೆ.

ಕನ್ನಡಕ್ಕೆ ಬಂದರೆ 2019ರ 'ಪೈಲ್ವಾನ್' ಇದೆ. ಸುದೀಪ್ ಹೀರೋ, ಎಸ್. ಕೃಷ್ಣ ನಿರ್ದೇಶನ. ಕುಸ್ತಿ ಪೈಲ್ವಾನ ಬಾಕ್ಸಿಂಗ್ ರಿಂಗಿಗೆ ಇಳಿಯೋ ಕಥೆ. ಎಂಥಾ ವಸ್ತು ಕೈಗೆ ಸಿಕ್ಕಿತ್ತು ನೋಡಿ! ಕುಸ್ತಿಯೂ ಬಾಕ್ಸಿಂಗೂ ಎರಡೂ ನೆಲದ ವಿದ್ಯೆಗಳೇ, ಆದರೆ ನೆಲದ ಜೊತೆಗಿನ ಸಂಬಂಧ ಬೇರೆಬೇರೆ. ಪೈಲ್ವಾನ ಎದುರಾಳಿಗೆ ಎದೆ ಕೊಟ್ಟು, ಸೊಂಟ ಇಳಿಸಿ, ಕಾಲಗಲಿಸಿ ನಿಲ್ತಾನೆ. ಅವನಿಗೆ ಬೇಕಾದ್ದು ಹತ್ತಿರ ಹೋಗಿ ಹಿಡಿಯೋದು. ಬಾಕ್ಸರ್ ಪಕ್ಕಕ್ಕೆ ತಿರುಗಿ ನಿಲ್ತಾನೆ; ಅವನಿಗೆ ಬೇಕಾದ್ದು ದೂರ ಕಾಯ್ದುಕೊಳ್ಳೋದು. ಗರಡಿ ಮನೆಯ ಮಟ್ಟಿಯಲ್ಲಿ ವರ್ಷಗಟ್ಟಲೆ ಬೆಳೆದ ಮೈ, ತನಗೆ ಗೊತ್ತಿರೋದನ್ನೆಲ್ಲ ಮರೆತು ಹೊಸದಾಗಿ ನಿಲ್ಲೋದನ್ನು ಕಲಿಯಬೇಕು. ಬೇರೆ ಭಾಷೆಯ ಆಫೀಸಿಗೆ, ಬೇರೆ ಊರಿಗೆ ಹೋದ ಯಾರಿಗಾದರೂ ಈ ಕಷ್ಟ ಅರ್ಥವಾಗತ್ತೆ. ಆದರೆ ಸಿನಿಮಾಗೆ ಆಸಕ್ತಿ ಇರೋದು ಮೈಕಟ್ಟಿನಲ್ಲಿ, ನಿಲುವಿನಲ್ಲಿ ಅಲ್ಲ. ಕೈಗೆ ಬಂದ ಕಥೆ ಬಾಯಿಗೆ ಬರಲಿಲ್ಲ.

'ಅಯ್ಯೋ, ಸಿನಿಮಾ ತಾನೇ, ಅಷ್ಟೊಂದು ಯಾಕೆ ತಲೆ ಕೆಡಿಸಿಕೊಳ್ತೀರಿ' ಅನ್ನಬಹುದು ನೀವು. ಕೆಡಿಸಿಕೊಳ್ಳೋಕೆ ಕಾರಣ ಇದೆ. 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅನ್ನೋ ಅಮೆರಿಕನ್ ವೈದ್ಯ, ತಲೆಗೆ ಪದೇಪದೇ ಏಟು ತಿಂದ ಬಾಕ್ಸರ್‌ಗಳು ಕುಡಿದವರ ಹಾಗೆ ತೂರಾಡೋದನ್ನು, ಮಾತು ತೊದಲೋದನ್ನು, ಮನಸ್ಸು ಮಂಕಾಗೋದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದಿದ್ದ. ಏಟು ನುಂಗೋದನ್ನೇ ದೊಡ್ಡ ಗುಣ ಅಂತ ನಂಬಿದವರು ಕೊನೆಗೆ ಕಳಕೊಂಡದ್ದು ತಮ್ಮ ಬ್ಯಾಲೆನ್ಸನ್ನೇ.

ಮೊಹಮ್ಮದ್ ಅಲಿಯ ಕಥೆಯನ್ನೂ ನಾವು ಹೀಗೇ ತಪ್ಪಾಗಿ ಹೇಳಿಕೊಂಡು ಬಂದಿದ್ದೇವೆ. 1974ರ ಅಕ್ಟೋಬರ್ 30, ಕಿನ್ಶಾಸಾ, ಎದುರಿಗೆ ಜಾರ್ಜ್ ಫೋರ್‌ಮನ್. ಅಲಿ ಹಗ್ಗಕ್ಕೆ ಒರಗಿ ಏಟು ತಿಂದು ತಿಂದು ಫೋರ್‌ಮನ್‌ನನ್ನು ಸುಸ್ತು ಮಾಡಿ ಗೆದ್ದ ಅನ್ನೋದು ಜನಪ್ರಿಯ ಆವೃತ್ತಿ. 'ವೆನ್ ವಿ ವರ್ ಕಿಂಗ್ಸ್' (1996) ಡಾಕ್ಯುಮೆಂಟರಿಯಲ್ಲಿ ಆ ಪಂದ್ಯದ ದೃಶ್ಯಗಳಿವೆ, ಈ ಸಲ ಕಾಲು ನೋಡ್ತಾ ನೋಡಿ. ಅಲಿ ಮುಖ ಮುಚ್ಚಿಕೊಂಡು, ಹಗ್ಗದ ಮೇಲೆ ಹಿಂದಕ್ಕೆ ವಾಲಿ ತಲೆಯನ್ನು ದೂರ ಇಡ್ತಾನೆ. ಹತ್ತಿರ ಬಂದ ಫೋರ್‌ಮನ್‌ನ ಕತ್ತು ಹಿಡಿದು ಕೆಳಕ್ಕೆ ಒತ್ತಿ, ಅವನ ಭಾರ ಮುಂದಕ್ಕೆ ವಾಲೋ ಹಾಗೆ ಮಾಡ್ತಾನೆ. ಎಂಟನೇ ಸುತ್ತಿಗೆ ಫೋರ್‌ಮನ್‌ನ ಗುದ್ದು ಕಾಲಿನಿಂದ ಬರೋದು ನಿಂತುಹೋಗಿದೆ, ಬರೀ ತೋಳಿನಿಂದ ಬರ್ತಿದೆ. ಆಗ ಅಲಿ ಹಗ್ಗದಿಂದ ಆಚೆ ತಿರುಗಿಕೊಂಡು ಹೊಡೀತಾನೆ. ಫೋರ್‌ಮನ್ ನಿಂತ ಜಾಗದಲ್ಲೇ ಸುತ್ತಿಕೊಂಡು ಬೀಳ್ತಾನೆ. ಬೀಳ್ತಿರೋನಿಗೆ ಅಲಿ ಇನ್ನೊಂದು ಗುದ್ದು ಕೊಡಲ್ಲ. ಇದು ಸಹನೆಯ ಕಥೆ ಎಷ್ಟೋ, ಅದಕ್ಕಿಂತ ಹೆಚ್ಚಾಗಿ ಇನ್ನೊಬ್ಬನ ಬ್ಯಾಲೆನ್ಸ್ ಕದ್ದ ಕಥೆ. ಆದರೂ ಅಲಿ ಅವತ್ತು ತಿಂದ ಏಟು ಕಡಿಮೆ ಏನಲ್ಲ, ಮುಂದಿನ ವರ್ಷಗಳಲ್ಲಿ ಇನ್ನೂ ತಿಂದ. 1984ರಲ್ಲಿ ಅವನಿಗೆ ಪಾರ್ಕಿನ್ಸನ್ ಪತ್ತೆಯಾಯಿತು. ಅದರಲ್ಲಿ ಆ ಏಟುಗಳ ಪಾಲು ಎಷ್ಟು ಅನ್ನೋದು ವೈದ್ಯರ ನಡುವಿನ ಚರ್ಚೆ. ರಿಂಗಿನಲ್ಲಿ ಅಷ್ಟು ಹಗುರಾಗಿ ಓಡಾಡಿದ ಕಾಲುಗಳು ಆಮೇಲೆ ಹೇಗೆ ನಡೆದವು ಅನ್ನೋದನ್ನು ಮಾತ್ರ ಇಡೀ ಜಗತ್ತು ಟಿವಿಯಲ್ಲಿ ನೋಡಿದೆ.

ಹಾಗಾಗಿ ಮುಂದಿನ ಸಲ ಯಾರಾದರೂ ರಾಕಿ ಕ್ಲಿಪ್ ತೋರಿಸಿ 'ಏಟು ತಿಂದರೂ ಮುಂದೆ ನುಗ್ಗಬೇಕು' ಅಂದಾಗ, ಮುಂದೆ ನುಗ್ಗಿದ ಪ್ಯಾಕಿಯಾವ್‌ನ ಆ ಒಂದು ಸೆಕೆಂಡ್ ನೆನಪಿಸಿಕೊಳ್ಳಿ. ಬಾಕ್ಸಿಂಗ್ ಕ್ಲಾಸಿಗೆ ಸೇರಿದ್ದರೆ, ಮೊದಲ ವಾರ ಗ್ಲೌಸ್ ಕೊಡದೆ ಬರೀ ಹೆಜ್ಜೆ ಹಾಕಿಸೋ ಕೋಚ್ ಮೇಲೆ ಬೇಜಾರು ಮಾಡಿಕೋಬೇಡಿ; ಫೀಸಿಗೆ ತಕ್ಕ ಪಾಠ ಸಿಗ್ತಿದೆ. ರಾತ್ರಿ ಮನೆಗೆ ಬಂದು ಒಟಿಟಿಯಲ್ಲಿ ಹೊಸ ಬಾಕ್ಸಿಂಗ್ ಸಿನಿಮಾ ಹಾಕಿದಾಗ ಕ್ಲೈಮ್ಯಾಕ್ಸಿಗೆ ಕಾಯೋದೂ ಬೇಡ. ತರಬೇತಿ ದೃಶ್ಯದಲ್ಲಿ ಕೋಚ್ ಹೀರೋಗೆ ಹೇಗೆ ನಿಲ್ಲಬೇಕು ಅಂತ ಹೇಳಿಕೊಡ್ತಾನಾ ನೋಡಿ. ಹೇಳಿಕೊಟ್ಟರೆ, ಹೀರೋ ಹಾಗೆ ನಿಲ್ತಾನಾ ಅಂತ ಕೊನೇ ಸುತ್ತಿನವರೆಗೂ ನೋಡ್ತಾ ಇರಿ.